ಬೀಗರು ಒಂದು ದಿನ ಮೊದಲೇ ಬಂದರು

ಹುಬ್ಬಳ್ಳಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದು ಮುಗಿಸಿ ಬ್ಯಾಡಗಿಗೆ ಮರಳಿದ ಬೇಸಿಗೆಯಲ್ಲಿ ನನಗೆ ಅರ್ಜಿ ಹಾಕುವ ಹುಚ್ಚು ಹಿಡಿಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನು ಹಿಡಿದು ಎಲ್ಲೆಲ್ಲಿ ಯಾವ ಹೋಟೆಲಿಗೆ ಜನ ಬೇಕಾಗಿದ್ದಾರೆ ಎಂದು ಹುಡುಕುತ್ತಿದ್ದೆ. ಗೋವಾ, ಮೈಸೂರು, ಕೇರಳದ ಹಿನ್ನೀರಿನ ಮೇಲೆ ತೇಲುವ ದೋಣಿಮನೆ, ದೊಡ್ಡ ಪ್ರವಾಸಿ ಹಡಗು, ಯಾವುದನ್ನೂ ಬಿಡಲಿಲ್ಲ. ಹಡಗಿನವರು ಸಮುದ್ರ ಪ್ರಯಾಣದ ಅನುಭವ ಎಷ್ಟು ಎಂದು ಕೇಳಿದ್ದರು. ಗಳಗನಾಥದ ಸಂಗಮದಲ್ಲಿ ಮೊಣಕಾಲುಮಟ್ಟ ನೀರಿನಲ್ಲಿ ಲಂಗ ಎತ್ತಿಕೊಂಡು ನಿಂತದ್ದನ್ನು ಬಿಟ್ಟರೆ ನನಗೂ ನೀರಿಗೂ ಅಂಥ ಪರಿಚಯವಿರಲಿಲ್ಲ. ಆ ಜಾಗ ಖಾಲಿ ಬಿಟ್ಟು ಅರ್ಜಿ ಕಳಿಸಿಯೇಬಿಟ್ಟೆ.

ಈ ಹುಚ್ಚಿನಲ್ಲಿ ನಾನು ಒಬ್ಬಳೇ ಇರಲಿಲ್ಲ. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿಯೊಬ್ಬಳು ರಾಣೇಬೆನ್ನೂರಿನಲ್ಲಿ ಇದ್ದಳು. ಅವಳ ಅಬ್ಬಾನದು ಒಂದು ಬೇಕರಿ. ಮನೆಯಲ್ಲಿ ಅವಳದು ಉರ್ದು, ನನ್ನ ಜೊತೆ ನಮ್ಮ ಕನ್ನಡ, ಕಾಲೇಜಿನಲ್ಲಿ ನಾವಿಬ್ಬರೂ ಬಹಳ ಕಷ್ಟಪಟ್ಟು ಮಾತಾಡುತ್ತಿದ್ದ ಇಂಗ್ಲಿಷ್. ನಮಗೊಂದು ಕಾಯಿಲೆ ಇತ್ತು. ಇಬ್ಬರಲ್ಲಿ ಒಬ್ಬಳಿಗೆ ನಗು ಬಂದರೆ ಇನ್ನೊಬ್ಬಳಿಗೂ ಬರಲೇಬೇಕು, ಬಂದದ್ದು ಲಗೂನೆ ನಿಲ್ಲುವಂಥದ್ದಲ್ಲ. ಅತಿಥಿಗಳನ್ನು ಬರಮಾಡಿಕೊಳ್ಳುವ ಪ್ರಾಯೋಗಿಕ ಪರೀಕ್ಷೆಯಲ್ಲಿ ನಮ್ಮನ್ನು ಬೇರೆ ಬೇರೆ ದಿನ ನಿಲ್ಲಿಸುತ್ತಿದ್ದರು. ಓದು ಮುಗಿದ ಮೇಲೆ ದಿನವೂ ಫೋನಿನಲ್ಲೇ ನಗುವುದಾಯಿತು. ಅವಳು ಹಾಕಿದ ಅರ್ಜಿಗೆ ನಾನು ಹಾಕುತ್ತಿದ್ದೆ, ನಾನು ಹಾಕಿದ್ದಕ್ಕೆ ಅವಳು. ಒಂದೇ ಕೆಲಸಕ್ಕೆ ಇಬ್ಬರೂ ಎದುರಾಳಿಗಳು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ನಾನು ಓದಿದ್ದು ಏನು ಎಂಬುದು ನಮ್ಮ ಓಣಿಗೆ ಕೊನೆಗೂ ಅರ್ಥವಾಗಲಿಲ್ಲ. "ಹೋಟೆಲ್ ಓದ್ಯಾಳಂತ. ಖಾನಾವಳಿ ಇಡ್ತಾಳೇನು?" ಎಂದು ಕೇಳುತ್ತಿದ್ದರು. ಅಪ್ಪನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಮನೆಗೆ ಹೊಂದಿಕೊಂಡೇ ಅವನ ಖಾರದ ಗಿರಣಿ. ಮೆಣಸಿನಕಾಯಿ ಪುಡಿ ಮಾಡಿಸಲು ಬಂದವರಿಗೆಲ್ಲ, ಅವರು ಕೇಳಲಿ ಬಿಡಲಿ, ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದ: "ನನ್ನ ಮಗಳು ಮ್ಯಾನೇಜರ್ ಆಗ್ತಾಳ್ರಿ! ದೊಡ್ಡ ಹೋಟೆಲಿಗೆ!"

ಅವ್ವ ಇನ್ನೂ ಮುಂದೆ ಹೋಗಿ ನನ್ನ ತಾಲೀಮಿಗೆ ಅತಿಥಿಯಾಗಲು ಒಪ್ಪಿದಳು. ನಾನು ಪಡಸಾಲೆಯಲ್ಲಿ ನೆಟ್ಟಗೆ ನಿಲ್ಲುವುದು, ಅವಳು ಹೊರಗಿನಿಂದ ಚೀಲ ಹಿಡಿದು ಬರುವುದು. ಮೊದಲ ಸಲ ಅವ್ವ ಬಾಗಿಲಲ್ಲಿ ನಿಂತು, "ನಂಗ ರೂಮ್ ಬೇಕಾಗೇತಿ. ಕಿಟಕಿ ಇರ್ಬೇಕು, ಸೊಳ್ಳಿ ಇರಬಾರ್ದು, ನೀರು ಕುಡಿಯಾಕ ಸಿಹಿ ಇರ್ಬೇಕು" ಎಂದಳು. ಎರಡನೇ ಸಲ ಅವಳಿಗೆ ಪಾತ್ರ ಮೈಮೇಲೆ ಬಂತು. "ಹ್ವಾದ ಸಲ ಬಂದಾಗ ಚಾದರ ತೊಳ್ದಿರ್ಲಿಲ್ಲ. ಯಾರದಾರ ಇಲ್ಲಿ ದೊಡ್ಡವ್ರು, ಕರೀ ಅವ್ರನ್ನ!" ಎಂದು ಕೈ ಬೀಸಿ ಗದರಿದಳು. ನಾನು ಗಾಬರಿಯಾಗಿ ಖರೇನೇ ಅಪ್ಪನನ್ನು ಕರೆದೆ. ಅಪ್ಪ ಗಿರಣಿ ನಿಲ್ಲಿಸಿ ಮೈಯೆಲ್ಲ ಕೆಂಪಾಗಿ ಓಡಿಬಂದ.

ಇದೆಲ್ಲದರ ನಡುವೆ ಎದುರು ಮನೆಯ ಕಾಕು ಹೆಪ್ಪು ಕೇಳಲು ಬಟ್ಟಲು ಹಿಡಿದು ಒಳಗೆ ಬಂದಳು. ನಾನು ಕೈ ಮುಗಿದು, ಕಲಿತಷ್ಟು ನಗು ತಂದುಕೊಂಡು, "ನಮಸ್ಕಾರ್ರಿ ಮೇಡಂ, ಬರ್ರಿ. ಪ್ರಯಾಣ ಆರಾಮಾತ್ರಿ?" ಎಂದೆ. ಕಾಕು ಹಿಂದೆ ತಿರುಗಿ ತನ್ನ ಮನೆ ನೋಡಿದಳು, ನನ್ನನ್ನು ನೋಡಿದಳು. "ಎದರ ಮನಿಯಿಂದ ಬಂದೇನ್ವಾ, ಪ್ರಯಾಣ ಎಲ್ಲಿಂದ ಬಂತು? ಇಕಿಗೆ ಏನಾತು?" ಎಂದು ಅವ್ವನನ್ನು ಕೇಳಿದಳು. ಅವ್ವ ಅತಿಥಿಯ ಗತ್ತು ಬಿಡದೆ ಹೇಳಿದಳು: "ನೀ ಸಾಲಿನ್ಯಾಗ ನಿಂದ್ರು. ನಾ ಮೊದ್ಲ ಬಂದೇನಿ."

ಅರ್ಜಿ ಹಾಕಿದ್ದಕ್ಕೆ ಮೊದಲ ಉತ್ತರ ಬಂದದ್ದು ಗೋವಾದ ಒಂದು ರೆಸಾರ್ಟಿನಿಂದ. ವಿಡಿಯೋ ಕರೆಯಲ್ಲೇ ಸಂದರ್ಶನ. ಅಪ್ಪ ಆ ಹೊತ್ತಿಗೆ ಗಿರಣಿ ಬಂದ್ ಇಡುತ್ತೇನೆ ಎಂದು ಮಾತು ಕೊಟ್ಟ. ಆದರೆ ಬೇಸಿಗೆಯೆಂದರೆ ಮನೆಮನೆಯವರೂ ವರ್ಷದ ಖಾರ ಮಾಡಿಸುವ ಕಾಲ. ಸಂದರ್ಶನ ಶುರುವಾದ ಗಳಿಗೆಗೆ ಸರಿಯಾಗಿ ಮೋಟೆಬೆನ್ನೂರಿನಿಂದ ಒಬ್ಬ ಮುದುಕಿ ಚೀಲ ಹೊತ್ತು ಬಂದು, ಬಸ್ಸು ತಪ್ಪುತ್ತದೆ ಎಂದು ಗೋಗರೆದಳಂತೆ. ಅಪ್ಪನಿಗೆ ಇಲ್ಲ ಎನ್ನಲು ಬರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಗಿರಣಿಯ ಪಕ್ಕದ ಕೋಣೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತಾಡಿ ನೋಡಬೇಕು. ಫೋನಿನ ಪರದೆಯಲ್ಲಿ ಟೈ ಕಟ್ಟಿದ ಒಬ್ಬರು, ಸಿಟ್ಟಿಗೆದ್ದ ಅತಿಥಿಯನ್ನು ಹೇಗೆ ಸಮಾಧಾನ ಮಾಡುತ್ತೀರಿ ಎಂದು ಕೇಳಿದರು. ಉತ್ತರ ನನಗೆ ಬಾಯಿಪಾಠವಾಗಿತ್ತು. ಮೊದಲು ಶಾಂತವಾಗಿ ಕೇಳಿಸಿಕೊಳ್ಳುತ್ತೇನೆ ಎಂದು ಶುರು ಮಾಡಿದೆ, ಸೀನು ಬಂತು. ಕ್ಷಮೆ ಕೇಳಿದೆ, ಮತ್ತೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅವ್ವ ಮೂಗಿಗೆ ಸೆರಗು ಮುಚ್ಚಿಕೊಂಡು ನೀರಿನ ತಂಬಿಗೆ ಹಿಡಿದು ಬಂದಳು. ಪರದೆಯಲ್ಲಿ ದೊಡ್ಡ ಮನುಷ್ಯರನ್ನು ಕಂಡು ಸೆರಗು ತೆಗೆದು, "ನಮಸ್ಕಾರ್ರಿ, ಊಟ ಆತ್ರಿ?" ಎಂದಳು, ಎಂದವಳೇ ಅವರ ಮುಖಕ್ಕೇ ಸೀನಿದಳು. ಆ ಕಡೆಯವರು ಫೋನಿನಿಂದ ಖಾರ ಬರುತ್ತದೆಯೋ ಎಂಬಂತೆ ಕುರ್ಚಿ ಹಿಂದಕ್ಕೆ ಸರಿಸಿದರು. ಆಮೇಲೆ ತಿಳಿಸುತ್ತೇವೆ ಎಂದರು. ಇವತ್ತಿನವರೆಗೆ ತಿಳಿಸಿಲ್ಲ.

ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕು ನಕ್ಕು ಫೋನು ಕೆಳಗೆ ಬೀಳಿಸಿದಳು. ಫೋನು ಎತ್ತಿಕೊಂಡವಳು, "ಲೇ, ಗೋವಾ ಬಿಡು. ಹಾವೇರ್ಯಾಗ ಒಂದ್ ಲಾಜಿಗೆ ಮ್ಯಾನೇಜರ್ ಬೇಕಾಗ್ಯಾರಂತ. ಇಬ್ರೂ ಹೋಗೂನು ನಡೀ" ಎಂದಳು.

ಅವಳು ರಾಣೇಬೆನ್ನೂರಿನಿಂದ, ನಾನು ಬ್ಯಾಡಗಿಯಿಂದ ಹಾವೇರಿ ಬಸ್ ನಿಲ್ದಾಣಕ್ಕೆ ಬಂದು ಕೂಡಿಕೊಂಡೆವು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಕಾಲೇಜಿನ ಅದೇ ಕಪ್ಪು ಕೋಟು ತೊಟ್ಟು ಬಂದಿದ್ದೆವು. ಸೆಕೆಯಲ್ಲಿ ಬೇಯುತ್ತ ಹೋಗುತ್ತಿದ್ದ ನಮ್ಮನ್ನು ನೋಡಿ ಬಾಳೆಹಣ್ಣಿನ ಗಾಡಿಯವನು ಕೋರ್ಟು ಆ ಕಡೆ ಇದೆ ಎಂದು ದಾರಿ ತೋರಿಸಿದ.

ಲಾಜು ಹಳೆಯದು, ಸ್ವಚ್ಛವಾಗಿತ್ತು. ಕೌಂಟರಿನಲ್ಲಿ ಬಿಳಿ ಧೋತರ, ಬಿಳಿ ಅಂಗಿಯ ಹಿರಿಯರೊಬ್ಬರು ಗಟ್ಟಿಯಾಗಿ ಕೂತಿದ್ದರು. ಅವರೇ ಮಾಲೀಕರು. ನಾವು ಬಂದ ಕಾರಣ ಹೇಳಿದೆವು.

"ಮ್ಯಾನೇಜರ್ ಬೇಕು ಅಂದದ್ದು ನನ್ನ ಮಗ," ಎಂದರು. "ಅಂವ ಧಾರವಾಡದಾಗ ಅದಾನ. ನೀವು ಇಬ್ರೂ ಬಂದೀರಿ. ಭಾಳ ಛಲೋ. ನೀವು ಮ್ಯಾನೇಜರ್ ಆದ್ರ ಎಲ್ಲಿ ಕುಂದರ್ತೀರಿ?"

ಗೆಳತಿ ಮೆಲ್ಲಗೆ, "ಇಲ್ಲೇ ರೀ, ಕೌಂಟರಿನ್ಯಾಗ" ಎಂದಳು.

"ಅಂದ್ರ ನಾ ಎಲ್ಲಿ ಕುಂದರ್ಲಿ?"

ಅಲ್ಲಿ ಇದ್ದದ್ದು ಒಂದೇ ಕುರ್ಚಿ. ಅವರು ಅದರ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದರು. ನಾನು ಅವಳನ್ನು ನೋಡಬಾರದಿತ್ತು, ನೋಡಿದೆ. ಅವಳ ಕೆನ್ನೆ ಆಗಲೇ ಉಬ್ಬಿತ್ತು. ಮುಂದಿನದು ನಮ್ಮ ಕೈಯಲ್ಲಿ ಇರಲಿಲ್ಲ. ಇಬ್ಬರೂ ಕೌಂಟರಿಗೆ ಹಣೆ ಹಚ್ಚಿ ನಕ್ಕೆವು. ಇನ್ನೇನು ಹೊರಗೆ ಕಳಿಸುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಹಿರಿಯರೂ ನಗತೊಡಗಿದರು. ಹೊಟ್ಟೆ ಕುಣಿಸಿ, ಕಣ್ಣೀರು ಒರೆಸಿಕೊಂಡು ನಕ್ಕರು.

"ಬರ್ರಿ, ಒಳಗ ಕುಂದರ್ರಿ. ಗಿರ್ಮಿಟ್ ತಿನ್ರಿ," ಎಂದು ತರಿಸಿದರು. ಮಸಾಲೆ ಚುರಮುರಿಯ ಜೊತೆಗೆ ಬಿಸಿ ಮಿರ್ಚಿ ಭಜಿ. ನಾವು ತಿನ್ನುತ್ತಿರುವಾಗ ಅವರೇ ಹೇಳಿದರು: "ನಾ ಇರೂ ತನಕಾ ಈ ಕುರ್ಚಿ ಬಿಡಾಂವ ಅಲ್ಲ. ಮಗಗ ತಿಳಿಯಂಗಿಲ್ಲ. ಆದ್ರ ನಿಮ್ಮನ್ನ ಬರೇ ಕೈಲೆ ಕಳ್ಸಂಗಿಲ್ಲ. ರಾಣೇಬೆನ್ನೂರಾಗ ನಮ್ಮ ಬೀಗ್ರು ಹೊಸಾ ಹೋಟೆಲ್ ಕಟ್ಯಾರ, ಹೈವೇ ಬಾಜೂಕ. ಬಿತ್ತನಿ ಬೀಜದ ವ್ಯಾಪಾರ ಅವ್ರದು, ಹೋಟೆಲ್ ಅಂದ್ರ ಏನಂತ ಗೊತ್ತಿಲ್ಲ. ಅವ್ರಿಗೆ ಮಂದಿ ಬೇಕಾಗ್ಯಾರ." ಅಲ್ಲೇ ಫೋನು ಹಚ್ಚಿದರು. "ಇಬ್ರು ಹುಡ್ಗ್ಯಾರನ್ನ ಕಳಸಾಕತ್ತೇನಿ. ಓದಿದಾವು. ನಗ್ತಾವು ಸ್ವಲ್ಪ" ಎಂದರು.

ಹೀಗೆ ಒಂದು ಸೋಮವಾರ ಮಧ್ಯಾಹ್ನ ನಾವಿಬ್ಬರೂ ಆ ಹೊಸ ಹೋಟೆಲಿನ ಮುಂದೆ ನಿಂತೆವು. ಬುಧವಾರ ಅದರ ಮಂಗಲ ಕಾರ್ಯಾಲಯದಲ್ಲಿ ಮೊದಲ ಮದುವೆ. ಬೀಗರು, ಅಂದರೆ ಗಂಡಿನ ಕಡೆಯವರು, ಮಂಗಳವಾರ ಸಂಜೆ ಬಂದು ಇಳಿಯುವವರಿದ್ದರು. ಅಡುಗೆಯವರು ಮಂಗಳವಾರ ಬೆಳಿಗ್ಗೆ ಬರುವುದೆಂದು ಗೊತ್ತಾಗಿತ್ತು. ಮುಂಬಾಗಿಲ ಸ್ವಾಗತ ಕೌಂಟರಿಗೆ ಒಬ್ಬರೇ ಒಬ್ಬರು ಬೇಕಾಗಿದ್ದರು. ಆ ಒಂದು ಕೆಲಸಕ್ಕೆ ನಾವಿಬ್ಬರು, ಜೊತೆಗೆ ಟೈ ಕಟ್ಟಿದ ಮೂವರು ಹುಡುಗರು, ಬಣ್ಣದ ವಾಸನೆಯ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಆಗ ಮೊದಲ ಸಲ ನನಗೆ ಒಂಥರಾ ಆಯಿತು. ಅವಳಿಗೂ ಆಯಿತೇನೋ. "ನಿಂಗ ಸಿಕ್ರ ನನಗ ಪಾರ್ಟಿ ಕೊಡ್ಬೇಕು ನೋಡು" ಎಂದು ಪಿಸುಗುಟ್ಟಿದಳು.

ಒಳಗೆ ಸಂದರ್ಶನ ಮಾಡುವವರು ಇಬ್ಬರು. ಮಾಲೀಕರು, ಊರಿನವರೆಲ್ಲ ಸಾಹುಕಾರ್ರು ಎನ್ನುವ ಆ ಬೀಜದ ವ್ಯಾಪಾರಿ. ಇನ್ನೊಬ್ಬರು ಬೆಂಗಳೂರಿನಿಂದ ಬಂದು ಸೇರಿದ್ದ ಮ್ಯಾನೇಜರ್. ಮೊದಲ ಹುಡುಗನನ್ನು ಒಳಗೆ ಕರೆದಿದ್ದರಷ್ಟೆ. ಆಗ ಹೊರಗೆ ಎರಡು ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತವು. ಮುಂಭಾಗಕ್ಕೆ ಬಾಳೆಕಂಬ, ಗಾಜಿನ ಮೇಲೆ ವಧೂವರರ ಹೆಸರು. ಬಾಗಿಲು ತೆರೆದದ್ದೇ ಜನ ಇಳಿಯತೊಡಗಿದರು. ರೇಷ್ಮೆ ಸೀರೆಗಳು, ಪೇಟ, ಸೂಟ್‌ಕೇಸು, ಹಾಸಿಗೆ ಸುರುಳಿ, ಅಳುವ ಕೂಸುಗಳು, ಇಬ್ಬರು ಹಿಡಿದು ಇಳಿಸಿದ ಒಬ್ಬ ಅಜ್ಜಿ, ಎಲ್ಲರ ಕೊನೆಗೆ ಅರಿಶಿನದ ಮುಖದ ಮದುಮಗ.

ಸಾಹುಕಾರ್ರು ಹೊರಗೆ ಓಡಿಬಂದರು. "ನೀವು... ನಾಳೆ ಅಲ್ಲೇನ್ರಿ?"

ಉತ್ತರ ಕೊಟ್ಟದ್ದು ಅಜ್ಜಿ. ಮದುಮಗನ ಅಜ್ಜಿ ಅವರು. "ನಾಳೆ ಮಂಗಳವಾರ. ಮಂಗಳವಾರ ಮದಿಮಗನ್ನ ಕರ್ಕೊಂಡು ಹೊಸ್ತಿಲ ದಾಟ್ತಾರೇನು? ಅದಕ್ಕ ಇವತ್ತ ಬಂದ್ವಿ. ಹೆಣ್ಣಿನ ಕಡ್ಯಾರಿಗೆ ಹೇಳೇವಿ. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಹೆಣ್ಣಿನ ತಂದೆ ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದರು. ಅವರು ಸಾಹುಕಾರ್ರ ಜೀವದ ಗೆಳೆಯರು. ಬೀಗರಿಗೆ ಕೊರತೆಯಾದರೆ ಆ ಮಾತು ಗಂಡಿನ ಮನೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಸಾಹುಕಾರ್ರ ಮುಖ ಬಿಳಿಚಿತು. ಹಾಸಿಗೆಗಳೆಲ್ಲ ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಸುತ್ತಿಕೊಂಡಿದ್ದವು. ಚಾದರಗಳು ಗಂಟಿನಲ್ಲಿದ್ದವು. ಕೋಣೆಗಳ ಕೀಲಿಕೈಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿದಿದ್ದರು, ಯಾವುದರ ಮೇಲೂ ಸಂಖ್ಯೆ ಇಲ್ಲ. ಬೆಂಗಳೂರಿನ ಮ್ಯಾನೇಜರು ಫೋನು ಕಿವಿಗೆ ಹಚ್ಚಿ ಯಾರನ್ನೋ ಕರೆಯುತ್ತ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು.

ಯಾರೂ ನಮಗೆ ಏನೂ ಹೇಳಲಿಲ್ಲ. ನಾನು ಯಾಕೆ ಎದ್ದೆ ಎಂದೂ ಗೊತ್ತಿಲ್ಲ. ಬಾಗಿಲಿಗೆ ಹೋಗಿ, ಕೈ ಮುಗಿದು, "ಬರ್ರಿ ಅಜ್ಜಿ, ಬರ್ರಿ. ಪ್ರಯಾಣ ಆರಾಮಾತ್ರಿ?" ಎಂದೆ.

"ಎಲ್ಲಿ ಆರಾಮ? ಸೊಂಟ ಹೋತು," ಎಂದರು ಅಜ್ಜಿ, ನನ್ನ ತೋಳು ಹಿಡಿದುಕೊಂಡು. "ನಾ ಲಿಫ್ಟ್ ಹತ್ತಾಕಿ ಅಲ್ಲ ಮೊದ್ಲ ಹೇಳ್ತೇನಿ. ಪಾವಟಿಗಿನೂ ಹತ್ತಂಗಿಲ್ಲ."

ಕೆಳಗಿನ ಅಂತಸ್ತಿನಲ್ಲಿ ಅತಿಥಿ ಕೋಣೆಗಳೇ ಇರಲಿಲ್ಲ. ದಿವಾನ್ ಇದ್ದದ್ದು ಒಂದೇ ಕಡೆ, ಸಂದರ್ಶನ ನಡೆಯುತ್ತಿದ್ದ ಮ್ಯಾನೇಜರ್ ಕೋಣೆಯಲ್ಲಿ. ಅಲ್ಲಿಗೇ ಕರೆದುಕೊಂಡು ಹೋದೆ. ಮೊದಲ ಹುಡುಗ ಇನ್ನೂ ಅಲ್ಲೇ ಒಬ್ಬನೇ ಕೂತು ಯಾರಾದರೂ ಬಂದು ಪ್ರಶ್ನೆ ಕೇಳುವುದನ್ನು ಕಾಯುತ್ತಿದ್ದ. ಅಜ್ಜಿ ದಿವಾನಿನ ಮೇಲೆ ಕಾಲು ಚಾಚಿ ಅವನನ್ನು ಕೇಳಿದರು: "ಯಾವೂರು ತಮ್ಮಾ? ಲಗ್ನ ಆಗೇತೇನು?" ಹುಡುಗ ಎದ್ದು ನಿಂತು, ಕರ್ಜಗಿ, ಇನ್ನೂ ಇಲ್ಲ ಎಂದು ಉತ್ತರಿಸಿದ. ಅವನಿಗೆ ಇವರೂ ಸಂದರ್ಶನ ಮಾಡುವವರೇ ಎನಿಸಿರಬೇಕು.

ನಾನು ಹೊರಗೆ ಬರುವಷ್ಟರಲ್ಲಿ ಗೆಳತಿ ಕಾಣಿಸಲಿಲ್ಲ. ಹುಡುಕುತ್ತ ಅಡುಗೆಮನೆಗೆ ಹೋದರೆ, ಕಪ್ಪು ಕೋಟನ್ನು ಮೊಳೆಗೆ ನೇತುಹಾಕಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಹೊಚ್ಚಹೊಸ ಹಂಡೆಯೊಂದನ್ನು ತೊಳೆಯುತ್ತಿದ್ದಳು. ಮದುವೆಗೆಂದು ಸಾಮಾನು ಬಂದು ಬಿದ್ದಿತ್ತು. ರವೆ ಇತ್ತು, ಉಳ್ಳಾಗಡ್ಡಿ ಇತ್ತು, ಎಣ್ಣೆ ಇತ್ತು. ಮಾಡುವವರಷ್ಟೇ ಇರಲಿಲ್ಲ.

"ಉಪ್ಪಿಟ್ಟು ಆಗ್ತೈತಿ," ಎಂದಳು. ನನ್ನ ಕಡೆ ನೋಡಲಿಲ್ಲ. "ಆ ಟೈ ಹುಡುಗ್ರನ್ನ ಕಳ್ಸು. ಉಳ್ಳಾಗಡ್ಡಿ ಹೆಚ್ಚಾಕ ಕೈ ಬೇಕು. ನಾ ಅಬ್ಬಾಗ ಫೋನ್ ಹಚ್ಚೇನಿ." ಅಷ್ಟರಲ್ಲಿ ಅಬ್ಬಾನದೇ ಫೋನು ಬಂತು. ಅವಳು ಉರ್ದುವಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು: "ಬನ್ನು, ಖಾರಾ ಬಿಸ್ಕೀಟು, ಟೋಸ್ಟು ಎಲ್ಲಾ ತಗೊಂಡು ಬರ್ರಿ. ತತ್ತಿ ಹಾಕಿದ್ದು ಬ್ಯಾಡ ಅಬ್ಬಾ, ನೆನಪಿಟ್ಕೋರಿ. ಲಗೂ ಬರ್ರಿ!"

ಹಾಸ್ಟೆಲಿನಲ್ಲಿ ನೋಡಿದವಳೇ ಬೇರೆ, ಈಗಿನ ಇವಳೇ ಬೇರೆ. ನನಗೆ ಒಂದು ಕ್ಷಣ ಅಲ್ಲಿಂದ ಕದಲಲಾಗಲಿಲ್ಲ. "ಏನ್ ನಿಂತು ನೋಡ್ತಿ? ನಡೀ!" ಎಂದು ಗದರಿದಳು.

ಆಮೇಲಿನದೆಲ್ಲ ನನಗೆ ಒಂದು ದೊಡ್ಡ ಓಟವಾಗಿ ನೆನಪಿದೆ. ಕೀಲಿಕೈಗಳ ಬುಟ್ಟಿ ಹಿಡಿದು ಮೇಲೆ ಓಡಿದೆ. ಕರ್ಜಗಿಯ ಹುಡುಗನೂ ಜೊತೆಗೆ ಬಂದ. ಒಂದೊಂದು ಕೀಲಿಕೈಯನ್ನೂ ಒಂದೊಂದು ಬಾಗಿಲಿಗೆ ಹಾಕಿ ನೋಡುವುದು, ಹತ್ತದಿದ್ದರೆ ಮುಂದಿನ ಬಾಗಿಲು. ತೆರೆದುಕೊಂಡ ಬಾಗಿಲಿಗೆ ನಾವಿಬ್ಬರೂ ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದಂತೆ ಕೂಗುತ್ತಿದ್ದೆವು. ಹಾಸಿಗೆಯ ಪ್ಲಾಸ್ಟಿಕ್ ಸುಲಿಯುವ ಕೆಲಸವನ್ನು ಬೀಗರ ಮಕ್ಕಳಿಗೆ ವಹಿಸಿದೆ. ಅಷ್ಟು ಖುಷಿಯಿಂದ ಯಾರೂ ಅಂಥ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಅವು ಸುಲಿದ ಪ್ಲಾಸ್ಟಿಕ್ ಮೈಗೆ ಸುತ್ತಿಕೊಂಡು ಇಡೀ ಅಂತಸ್ತಿನ ತುಂಬ ದೆವ್ವಗಳಾಗಿ ಓಡಾಡಿದವು. ಚಾದರ ಹಾಸಲು ಮದುಮಗನ ಇಬ್ಬರು ಅತ್ತಿಗೆಯರು ತಾವಾಗಿಯೇ ಸೆರಗು ಸಿಕ್ಕಿಸಿಕೊಂಡು ಬಂದರು. ಅತಿಥಿಗಳಿಂದ ಕೆಲಸ ಮಾಡಿಸಬಾರದು ಎಂದು ಕಾಲೇಜಿನಲ್ಲಿ ಹೇಳಿದ್ದು ನೆನಪಾಗಿ ಬೇಡ ಬೇಡ ಎಂದೆ. "ಬಸ್ಸಿನ್ಯಾಗ ಕುಂತು ಕುಂತು ಕಾಲು ಹಿಡದಾವ, ಸುಮ್ನಿರು" ಎಂದರು ಒಬ್ಬರು.

ಕೆಳಗೆ ಚಹಾ ಆಗಿತ್ತು, ಟ್ರೇ ಸಿಗಲಿಲ್ಲ. ನನ್ನ ಪ್ರಮಾಣಪತ್ರಗಳ ಫೈಲು ಕೈಗೆ ಸಿಕ್ಕಿತು, ಗಟ್ಟಿ ರಟ್ಟಿನದು. ಅದರ ಮೇಲೆಯೇ ಗ್ಲಾಸುಗಳನ್ನು ಇಟ್ಟುಕೊಂಡು ಹಿರಿಯರಿಗೆ ಕೊಟ್ಟೆ. ಟೈ ಹುಡುಗನೊಬ್ಬ ಟೈಯನ್ನು ಬೆನ್ನಿಗೆ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತ ಧಾರಾಕಾರ ಅಳುತ್ತಿದ್ದ. ಬೀಗರ ಪೈಕಿ ಯಾರೋ ಒಬ್ಬರು ಅವನ ಬೆನ್ನು ಸವರಿ, "ನೌಕ್ರಿ ಸಿಗ್ತೈತಿ ಬಿಡು ತಮ್ಮಾ, ಅಳಬ್ಯಾಡ" ಎಂದರು. ಅದು ಗೆಳತಿಗೂ ಕೇಳಿಸಿತು, ನನಗೂ ಕೇಳಿಸಿತು. ಹಂಡೆಯ ಹಬೆಯ ಆಚೆ ಈಚೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಅಷ್ಟೇ. ಅವಳು ಸೌಟು ಹಿಡಿದೇ ಕುಕ್ಕರಿಸಿದಳು. ನಾನು ಕಂಬ ಹಿಡಿದುಕೊಂಡೆ.

ಬೆಂಗಳೂರಿನ ಮ್ಯಾನೇಜರು ಹೊತ್ತು ಕಳೆದಂತೆ ಫೋನು ಕಿಸೆಗೆ ಹಾಕಿ, ಅಂಗಿಯ ತೋಳು ಮಡಚಿ, ಬಿಸಿನೀರಿನ ಪೈಪಿನ ಹಿಂದೆ ಬಿದ್ದರು. ಮೇಲಿನ ಕೋಣೆಗಳಿಗೆ ನೀರು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ಅವರೇ.

ಹೆಣ್ಣಿನ ತಂದೆಗೆ ಸುದ್ದಿ ಮುಟ್ಟಿ, ಅವರು ಎದೆ ಹಿಡಿದುಕೊಂಡು ಬಂದು ಇಳಿಯುವ ಹೊತ್ತಿಗೆ ಸಂಜೆಯ ಬಿಸಿಲು ಪಡಸಾಲೆಗೆ ಬಂದಿತ್ತು. ಬೀಗರು ಸಾಲಾಗಿ ಕೂತು ಬಿಸಿ ಉಪ್ಪಿಟ್ಟು ತಿನ್ನುತ್ತಿದ್ದರು. ಮಗ್ಗುಲಲ್ಲಿ ಬೇಕರಿಯಿಂದ ಬಂದ ಬನ್ನಿನ ರಾಶಿ. ಮದುಮಗ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ಹೆಣ್ಣಿನ ತಂದೆ ಕೈ ಮುಗಿದು ಕ್ಷಮೆ ಕೇಳಲು ಬಾಯಿ ತೆರೆದರು. ಅಜ್ಜಿ ಒಳಗಿನಿಂದಲೇ ಕೂಗಿದರು: "ಏನ್ ಛಲೋ ವ್ಯವಸ್ಥಾ ಮಾಡೀರಿ ಬೀಗ್ರ! ಮೊದ್ಲ ಹೇಳಿಟ್ಟಿದ್ರಿ ಅಂತ ಕಾಣ್ತೈತಿ!" ಅವರು ಬಾಯಿ ಮುಚ್ಚಿಕೊಂಡರು. ಸಾಹುಕಾರ್ರು ಅವರ ಕೈಗೂ ಒಂದು ಉಪ್ಪಿಟ್ಟಿನ ತಟ್ಟೆ ಕೊಟ್ಟರು.

ಎಲ್ಲ ತಣ್ಣಗಾದ ಮೇಲೆ ಸಾಹುಕಾರ್ರು ನಮ್ಮನ್ನು ಕರೆದರು. ಕೂರಲು ಜಾಗವಿದ್ದದ್ದು ಅಜ್ಜಿ ಮಲಗಿದ್ದ ಕೋಣೆಯಲ್ಲೇ. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ನನ್ನ ಫೈಲು ಕೇಳಿದರು. ಅದರ ಮೇಲೆ ಚಹಾದ ಗ್ಲಾಸುಗಳ ದುಂಡನೆಯ ಕಲೆಗಳು ಬಿದ್ದಿದ್ದವು. ಅವರು ಅದನ್ನು ತೆರೆಯುವ ಮೊದಲೇ ಅಜ್ಜಿ ಮಗ್ಗುಲು ಬದಲಿಸಿ ಹೇಳಿದರು: "ಇನ್ನೇನ್ ಓದ್ತಿಯೋ ತಮ್ಮಾ ಅದರಾಗ? ಇಕಿ ನಮಗ ರೂಮ್ ಕೊಟ್ಟಾಳ, ಅಕಿ ಹೊಟ್ಟಿಗೆ ಹಾಕ್ಯಾಳ."

"ಅದೇ ತ್ರಾಸ ಆಗೇತ್ರಿ ಅಜ್ಜಿ," ಎಂದರು ಸಾಹುಕಾರ್ರು. "ಕೌಂಟರಿಗೆ ಬೇಕಾಗಿದ್ದು ಒಬ್ರ. ಯಾರನ್ನ ಇಟ್ಕೊಳ್ಲಿ?"

ನಾನು ನೆಲ ನೋಡಿದೆ. ಅವಳಿಗೇ ಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ನನಗೆ ಆ ಕೆಲಸ ಬೇಕಿತ್ತು. ಅಂದು ಮಧ್ಯಾಹ್ನದಿಂದ ಓಡಿದ ಓಟ ನನಗೆ ಎಷ್ಟು ಹಿಡಿಸಿತ್ತೆಂದರೆ, ಮತ್ತೆ ಬ್ಯಾಡಗಿಯ ಪಡಸಾಲೆಯಲ್ಲಿ ಫೋನು ಹಿಡಿದು ಕೂರುವುದನ್ನು ನೆನೆದರೆ ಅಳು ಬರುವಂತಿತ್ತು.

ಗೆಳತಿಯೇ ಮಾತಾಡಿದಳು. "ಸರ್, ನಂಗ ಕೌಂಟರ್ ಬ್ಯಾಡ. ನನ್ನ ಅಡಗಿಮನಿಗೆ ತಗೋರಿ."

ಮ್ಯಾನೇಜರು ಹುಬ್ಬೇರಿಸಿದರು. ಅಡುಗೆಯವರೆಲ್ಲ ಗಂಡಸರು, ಬೆಂಕಿಯ ಕೆಲಸ, ಭಾರ ಎತ್ತುವ ಕೆಲಸ ಎಂದೆಲ್ಲ ಹೇಳಿದರು. ಅವಳು, "ಮೂರು ವರ್ಷ ಕಲ್ತದ್ದು ಅದನ್ನೇ ರೀ" ಎಂದಳು. ಹೇಳುವಾಗ ಅವಳು ನೋಡುತ್ತಿದ್ದುದು ಮ್ಯಾನೇಜರನ್ನಲ್ಲ, ಬಾಗಿಲನ್ನು. ಅಲ್ಲಿ ಅವಳ ಅಬ್ಬಾ ನಿಂತಿದ್ದರು. ಬೇಕರಿಯ ಗಾಡಿಯಲ್ಲಿ ಸಾಮಾನು ತಂದವರು ಇನ್ನೂ ಹೋಗಿರಲಿಲ್ಲ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಆಗ ನನಗೆ ತಿಳಿಯಿತು. ಕೌಂಟರಿನಲ್ಲಿ ಕೂರುವುದಾದರೆ ಕೂರು, ಹೋಟೆಲಿನ ಅಡುಗೆಮನೆ ಮಾತ್ರ ಬೇಡ ಎಂದು ಅವಳಿಗೆ ಹೇಳಿದ್ದವರು ಅವರೇ. ಅದನ್ನು ಅವಳು ನನಗೂ ಹೇಳಿರಲಿಲ್ಲ.

ಅಬ್ಬಾ ಬಾಯಲ್ಲಿದ್ದ ತುತ್ತನ್ನು ನಿಧಾನ ಅಗಿದು ನುಂಗಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು.

"ಉಪ್ಪು ಒಂಚೂರು ಕಮ್ಮಿ ಆಗೇತಿ ಬೇಟಿ," ಎಂದರು. "ನಾಳಿಂದ ಸರಿ ಮಾಡು."

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿದಳು. ಕೆನ್ನೆ ಉಬ್ಬಿತ್ತು. ಆ ಕೋಣೆಯಲ್ಲಿ ಸಾಹುಕಾರ್ರು, ಮ್ಯಾನೇಜರು, ಅಬ್ಬಾ, ಮದುಮಗನ ಅಜ್ಜಿ ಎಲ್ಲರೂ ನೋಡುತ್ತಿರುವಂತೆಯೇ ನಾವಿಬ್ಬರೂ ಗೋಡೆಗೆ ಒರಗಿ, ಒಬ್ಬರ ಕೈ ಒಬ್ಬರು ಹಿಡಿದು, ನಿಲ್ಲಿಸಲಾರದೆ ನಕ್ಕೆವು. ಸಾಹುಕಾರ್ರು ಮ್ಯಾನೇಜರಿಗೆ, "ಹಾವೇರಿಯವ್ರು ಮೊದ್ಲ ಹೇಳಿದ್ರು. ನಗ್ತಾವು ಅಂತ" ಎಂದರು. ಕೌಂಟರು ನನಗೆ, ಅಡುಗೆಮನೆ ಅವಳಿಗೆ ಎಂದಾಯಿತು. ಕರ್ಜಗಿಯ ಹುಡುಗನನ್ನೂ ಅವರು ಅಂದೇ ಕೋಣೆಗಳ ಮೇಲ್ವಿಚಾರಣೆಗೆ ಇಟ್ಟುಕೊಂಡರು. ಯಾವ ಕೀಲಿಕೈ ಯಾವ ಬಾಗಿಲಿನದು ಎಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಅವನಿಗೂ ನನಗೂ ಮಾತ್ರ.

ಊರಿಗೆ ಮರಳಲು ಮೋಟೆಬೆನ್ನೂರು ಮೇಲಿಂದ ಹೋಗುವ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊಲಗಳು, ಡಾಬಾಗಳು, ಲಾರಿಗಳು ಎಲ್ಲ ಬಹಳ ಚೆಂದ ಕಂಡವು. ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ತನ್ನ ಬುಟ್ಟಿಯನ್ನು ಸ್ವಲ್ಪ ದೂರ ಸರಿಸಿಕೊಂಡಳು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು. ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಊಟ ಅವ್ರೇ ಹಾಕ್ತಾರೇನು?" ಎಂಬುದು. ಹಾಕುತ್ತಾರೆ, ಮಾಡುವವಳು ನನ್ನ ಗೆಳತಿ ಎಂದೆ. "ಹಂಗಾದ್ರ ಚಿಂತಿಲ್ಲ" ಎಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೆಟಿಗೆ ಮುರಿದಳು. ಅಪ್ಪ ಗಿರಣಿಯಲ್ಲಿದ್ದ. ಸದ್ದಿನಲ್ಲಿ ನನ್ನ ಮಾತು ಅವನಿಗೆ ಕೇಳಿಸಲಿಲ್ಲ. ಕೈಸನ್ನೆಯಲ್ಲಿ ಹೇಳಿದೆ, ಅದೂ ತಿಳಿಯಲಿಲ್ಲ. ಕೊನೆಗೆ ಅವನೇ ಹೋಗಿ ಮೋಟರು ನಿಲ್ಲಿಸಿದ. ಒಮ್ಮೆಲೇ ಓಣಿಯೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನ್ನ ದನಿ ಬೇಕಾದ್ದಕ್ಕಿಂತ ಬಹಳ ದೊಡ್ಡದಾಗಿ ಹೊರಟಿತು.

"ಸಿಕ್ತಪಾ! ರಾಣೇಬೆನ್ನೂರಾಗ! ನಾಳಿಂದ!"

ಖಾರ ಮಾಡಿಸಲು ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಕೆಂಪು ಕೈಗಳನ್ನು ಮೇಲೆತ್ತಿ ಅಲ್ಲೇ ಒಂದು ಸುತ್ತು ತಿರುಗಿದ. ಆಮೇಲೆ ಏನು ಮಾಡಬೇಕೋ ತಿಳಿಯದೆ, ಸಾಲಿನ ಮುಂದಿದ್ದ ಒಬ್ಬ ಅಪರಿಚಿತನನ್ನು ಗಟ್ಟಿಯಾಗಿ ತಬ್ಬಿಕೊಂಡ. ಆ ಮನುಷ್ಯನ ಬಿಳಿ ಅಂಗಿಯ ಬೆನ್ನ ಮೇಲೆ ಅಪ್ಪನ ಎರಡೂ ಅಂಗೈಗಳು ಕೆಂಪಗೆ ಮೂಡಿದವು. ಅವನು ಏನೂ ಬೇಜಾರು ಮಾಡಿಕೊಳ್ಳದೆ, "ಯಾವ ಹೋಟೆಲ್ರಿ? ನಾವೂ ಬರ್ತೇವಿ" ಎಂದ.